ಬೈಲಕುಪ್ಪೆಯ ಟಿಬೆಟನ್ನರಿಗೆ ಮನೆ ಯಾವುದು?

ಕುಶಾಲನಗರದ ಸಮೀಪದ ಬೈಲಕುಪ್ಪೆ ಪ್ರವಾಸಿಗರ ಪಾಲಿಗೆ ‘ಗೋಲ್ಡನ್ ಟೆಂಪಲ್’ ಇರುವ ಊರು. ಅಲ್ಲಿ ನೆಲೆಸಿರುವ ಟಿಬೆಟನ್ನರ ಪಾಲಿಗೆ ಅದು ಮನೆಯೇ, ಬಿಡಾರವೇ ಎಂಬ ಪ್ರಶ್ನೆ ಇಂದಿಗೂ ಇತ್ಯರ್ಥವಾಗಿಲ್ಲ.

1959ರಲ್ಲಿ ದಲೈಲಾಮಾ ಭಾರತಕ್ಕೆ ಬಂದ ಬೆನ್ನಲ್ಲೇ ಸಾವಿರಾರು ಟಿಬೆಟನ್ನರು ಗಡಿ ದಾಟಿದರು. ಅಂದಿನ ಮೈಸೂರು ಸರ್ಕಾರ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಅರಣ್ಯಭೂಮಿ ನೀಡಿತು. 1960ರ ದಶಕದ ಆರಂಭದಲ್ಲಿ ಕಾಡು ಕಡಿದು ಮೆಕ್ಕೆಜೋಳ ಬೆಳೆದ ಆ ಹಿರಿಯರು, ಇಂದಲ್ಲ ನಾಳೆ ಮರಳುತ್ತೇವೆಂದೇ ನಂಬಿದ್ದರು. ಭೂಮಿಯೂ ಗುತ್ತಿಗೆಯದೇ ಹೊರತು ಸ್ವಂತದ್ದಲ್ಲ.

ಅವರ ಮಕ್ಕಳು ಟಿಬೆಟ್ ಕಂಡವರಲ್ಲ. ಹುಟ್ಟಿದ್ದು ಇಲ್ಲೇ, ಆದರೂ ಕೈಯಲ್ಲಿರುವುದು ವಿದೇಶಿಯರಿಗೆ ನೀಡುವ ನೋಂದಣಿ ಪತ್ರ. ಅದನ್ನು ಕಾಲಕಾಲಕ್ಕೆ ನವೀಕರಿಸಬೇಕು. ವಾಸ್ತವವಾಗಿ 1950ರ ಜನವರಿ 26ರಿಂದ 1987ರ ಜೂನ್ 30ರವರೆಗೆ ಭಾರತದಲ್ಲಿ ಜನಿಸಿದವರು ಜನ್ಮತಃ ಭಾರತೀಯ ಪ್ರಜೆಗಳು ಎನ್ನುತ್ತದೆ ಪೌರತ್ವ ಕಾಯ್ದೆ. ಇದು ಟಿಬೆಟನ್ನರಿಗೂ ಅನ್ವಯಿಸುತ್ತದೆಂದು ದೆಹಲಿ ಹೈಕೋರ್ಟ್ 2010ರಲ್ಲಿ ತೀರ್ಪಿತ್ತಿತು. ಅರ್ಹರಿಗೆ ಪಾಸ್‌ಪೋರ್ಟ್ ನೀಡಬೇಕೆಂದು 2016ರಲ್ಲಿ ಮತ್ತೆ ಆದೇಶಿಸಿತು. 1987ರ ನಂತರ ಹುಟ್ಟಿದವರಿಗೆ ಹೆತ್ತವರ ಪೌರತ್ವವೂ ಲೆಕ್ಕಕ್ಕೆ ಬರುತ್ತದೆ.

ತೊಡಕು ಕಾಣಿಸಿಕೊಂಡದ್ದು ಇಲ್ಲಿ. ಪಾಸ್‌ಪೋರ್ಟ್ ಬಯಸುವವರು ನೋಂದಣಿ ಪತ್ರ ಒಪ್ಪಿಸುವುದಷ್ಟೇ ಅಲ್ಲ, ನಿರಾಶ್ರಿತರ ಶಿಬಿರದಲ್ಲಿ ವಾಸಿಸುವಂತಿಲ್ಲ, ಅಲ್ಲಿನ ಸೌಲಭ್ಯಗಳನ್ನೂ ಪಡೆಯುವಂತಿಲ್ಲ ಎಂಬ ಷರತ್ತುಗಳನ್ನು 2017ರಲ್ಲಿ ವಿಧಿಸಲಾಯಿತು. ದೇಶ ನಮ್ಮದೆಂದು ಕಾಗದದಲ್ಲಿ ಬರೆಸಿಕೊಳ್ಳಲು ಹುಟ್ಟಿದ ಮನೆಯನ್ನೇ ತೊರೆಯಬೇಕು! ವಯಸ್ಸಾದ ತಂದೆತಾಯಿ ಮಾತ್ರ ಹಳೆಯ ನೋಂದಣಿ ಪತ್ರದೊಂದಿಗೆ ಶಿಬಿರದಲ್ಲೇ ಉಳಿಯಬೇಕು.