ಅಪ್ಪ ಸ್ಟೇಷನ್ನಿಗೆ ಬಂದಿದ್ದರೇ?

ನಾನು ಕೆಲಸಕ್ಕೆಂದು ಪುಣೆಗೆ ಹೊರಟ ದಿನ ಅಪ್ಪ ಹುಬ್ಬಳ್ಳಿ ಸ್ಟೇಷನ್ನಿಗೆ ಬಂದು, ರೈಲಿನ ಕಿಟಕಿಯಿಂದ ಶೇಂಗಾ ಉಂಡಿ ಡಬ್ಬಿ ಕೊಟ್ಟದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಮೊನ್ನೆ ಫೋನಿನಲ್ಲಿ ಅಕ್ಕ, "ಅಪ್ಪಾಗ ಅವತ್ತ ಜ್ವರ ಬಂದಿತ್ತಲ್ಲೋ, ಡಬ್ಬಿ ಕೊಟ್ಟಾಕಿ ನಾನು" ಅಂದಳು. ಕೇಳೋಣವೆಂದರೆ ಅಪ್ಪ ಈಗಿಲ್ಲ.

ನೆನಪೆಂದರೆ ಸೇವ್ ಮಾಡಿಟ್ಟ ಫೈಲ್ ಎಂದುಕೊಂಡಿದ್ದೆ, ಕಂಪ್ಯೂಟರಿನವನಲ್ಲವೇ! ಆದರೆ ಮಿದುಳು ಅದನ್ನು ಪ್ರತಿ ಸಲ ತುಣುಕುಗಳಿಂದ ಹೊಸದಾಗಿ ಕಟ್ಟುತ್ತದಂತೆ. ಖಾಲಿ ಜಾಗಕ್ಕೆ ಊಹೆ ತುಂಬುತ್ತದೆ. 1974ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಫಿಲ್ಮ್ ತೋರಿಸಿದರು. ಕಾರುಗಳು 'ಡಿಕ್ಕಿಯಾದಾಗ' ವೇಗ ಎಷ್ಟಿತ್ತೆಂದು ಒಂದು ಗುಂಪಿಗೆ, 'ಅಪ್ಪಳಿಸಿದಾಗ' ಎಷ್ಟಿತ್ತೆಂದು ಇನ್ನೊಂದಕ್ಕೆ ಕೇಳಿದರು. ವಾರದ ನಂತರ, ಒಡೆದ ಗಾಜು ನೋಡಿದಿರಾ ಎಂದರೆ ಮೊದಲ ಗುಂಪಿನ 50 ಜನರಲ್ಲಿ 7 ಮಂದಿ, ಎರಡನೆಯದರಲ್ಲಿ 16 ಮಂದಿ ಹೌದೆಂದರು. ಫಿಲ್ಮಿನಲ್ಲಿ ಒಡೆದ ಗಾಜೇ ಇರಲಿಲ್ಲ. ಒಂದು ಪದ ಬದಲಾದದ್ದಕ್ಕೆ ಇಷ್ಟು!

ನಾನೋ 14 ವರ್ಷದಿಂದ ಆ ಉಂಡಿ ಡಬ್ಬಿಯ ಕಥೆ ಸಿಕ್ಕವರಿಗೆಲ್ಲ ಹೇಳುತ್ತ ಬಂದವನು. ಹಾಗಂತ ಅಕ್ಕನ ನೆನಪೂ ಅಂಥದೇ ಮಿದುಳಿನದಲ್ಲವೇ?

ಅವ್ವನನ್ನು ಕೇಳಬಹುದು. ಇನ್ನೂ ಕೇಳಿಲ್ಲ.