ಡ್ರೋನ್ ಬ್ಯಾಟರಿಯ ರಕ್ಷಣೆ: ಹಾರಾಟವಿಲ್ಲದ ದಿನಗಳಲ್ಲಿ ಗಮನಿಸಬೇಕಾದ ಕೆಲವು ಅಂಶಗಳು

ನಮ್ಮ ಸದಸ್ಯ ಬಾಂಧವರಲ್ಲಿ ಡ್ರೋನ್ ಇಟ್ಟುಕೊಂಡಿರುವವರ ಸಂಖ್ಯೆ ಈಚಿನ ವರ್ಷಗಳಲ್ಲಿ ಹೆಚ್ಚುತ್ತಿದೆ. ಮದುವೆ ಮುಂಜಿಗಳ ಚಿತ್ರ ತೆಗೆಯಲೆಂದು ಮಕ್ಕಳು ಕೊಂಡು ತಂದ ಯಂತ್ರ ಈಗ ತೋಟಕ್ಕೂ ಒದಗುತ್ತಿದೆ. ಯಾವ ಸಾಲಿನಲ್ಲಿ ಸುಳಿ ಬಾಡಿದೆ, ಎಲ್ಲಿ ಸೋಗೆ ಹಳದಿ ತಿರುಗಿದೆ, ಎಲೆಚುಕ್ಕೆ ಯಾವ ಮೂಲೆಯಿಂದ ಹಬ್ಬುತ್ತಿದೆ ಎಂಬುದು ನೆಲದ ಮೇಲೆ ನಿಂತು ಕತ್ತೆತ್ತಿ ನೋಡಿದವರಿಗೆ ಕಾಣುವುದಿಲ್ಲ. ಮೇಲಿನಿಂದ ನೋಡಿದವರಿಗೆ ಹತ್ತು ನಿಮಿಷದಲ್ಲಿ ತಿಳಿಯುತ್ತದೆ. ಇದು ಒಳ್ಳೆಯದೇ ಸರಿ. ಆದರೆ ವರ್ಷದ 365 ದಿನಗಳಲ್ಲಿ ಈ ಯಂತ್ರ ಹಾರುವುದು ಹೆಚ್ಚೆಂದರೆ ಇಪ್ಪತ್ತೋ ಮೂವತ್ತೋ ದಿನ. ಕಾರ್ತಿಕ ಮಾಸದಲ್ಲಿ ಗೂಳೂರು ಮಹಾಗಣಪತಿಯ ಉತ್ಸವಕ್ಕೆ ಹೊರಗೆ ತೆಗೆದದ್ದು ಮತ್ತೆ ಹೊರಬರುವುದು ಯುಗಾದಿಗೆ ಎಂಬಂತಹ ಮನೆಗಳೂ ಇವೆ. ಬ್ಯಾಟರಿ ಕೆಡುವುದು ಹೆಚ್ಚಾಗಿ ಈ ಸುಮ್ಮನಿರುವ ದಿನಗಳಲ್ಲೇ ಎಂಬುದನ್ನು ಬಹಳ ಮಂದಿ ಅರಿತಿಲ್ಲ.

ತಪ್ಪು ತಿಳುವಳಿಕೆಗೆ ಒಂದು ಕಾರಣವಿದೆ. ನಾವು ರೈತರು ಮೊದಲು ಕಂಡ ಬ್ಯಾಟರಿ ಟ್ರಾಕ್ಟರಿನದು, ಆಮೇಲೆ ಮನೆಯ ಯು.ಪಿ.ಎಸ್.ನದು, ಬೆನ್ನಿಗೆ ಹಾಕಿಕೊಳ್ಳುವ ಸಿಂಪರಣಾ ಯಂತ್ರದ್ದು. ಇವುಗಳಲ್ಲಿ ಬಹುಪಾಲು ಸೀಸ ಮತ್ತು ಗಂಧಕಾಮ್ಲದ ಬ್ಯಾಟರಿಗಳು. ಅವುಗಳ ಧರ್ಮವೇ ಬೇರೆ. ಸೀಸದ ಬ್ಯಾಟರಿಯನ್ನು ಖಾಲಿಯಾಗಿ ಬಿಟ್ಟರೆ ಅದರ ತಟ್ಟೆಗಳ ಮೇಲೆ ಸೀಸದ ಸಲ್ಫೇಟು ಗಟ್ಟಿಯಾಗಿ ಕೂರುತ್ತದೆ, ಮುಂದೆ ಚಾರ್ಜು ಹಿಡಿಯುವುದಿಲ್ಲ. ಆದ್ದರಿಂದ ಅದನ್ನು ಸದಾ ತುಂಬಿಸಿಟ್ಟಿರತಕ್ಕದ್ದು ಎಂದು ಮೆಕ್ಯಾನಿಕ್‌ಗಳು ನಮಗೆ ಹೇಳಿಕೊಟ್ಟರು. ಅದು ಸರಿಯಾದ ಮಾತೇ. ಡ್ರೋನಿನಲ್ಲಿರುವುದು ಲಿಥಿಯಂ ಬ್ಯಾಟರಿ. ಸೀಸದ ಬ್ಯಾಟರಿಗೆ ಹೇಳಿದ ಬುದ್ಧಿಮಾತನ್ನು ಇದಕ್ಕೆ ಅನ್ವಯಿಸಿದರೆ ಹಾನಿ ಖಂಡಿತ. ಇದನ್ನು ತುಂಬಿಸಿಯೂ ಇಡಬಾರದು, ಖಾಲಿ ಮಾಡಿಯೂ ಇಡಬಾರದು.

ಏಕೆಂದು ಸ್ವಲ್ಪ ವಿವರವಾಗಿ ನೋಡೋಣ. ಲಿಥಿಯಂ ಕೋಶದಲ್ಲಿ ಎರಡು ಧ್ರುವಗಳು, ನಡುವೆ ತೆಳುವಾದ ಪೊರೆ, ಎಲ್ಲವನ್ನೂ ನೆನೆಸಿರುವ ದ್ರಾವಣ. ಚಾರ್ಜು ಮಾಡುವಾಗ ಲಿಥಿಯಂ ಅಯಾನುಗಳು ಒಂದು ಕಡೆಯಿಂದ ಹೊರಟು ಗ್ರಾಫೈಟಿನ ಪದರಗಳ ಒಳಗೆ ಹೋಗಿ ಕೂರುತ್ತವೆ, ಹಾರಿಸುವಾಗ ಹಿಂತಿರುಗುತ್ತವೆ. ಮೊದಲು 1991ರಲ್ಲಿ ಜಪಾನಿನ ಸೋನಿ ಸಂಸ್ಥೆ ಇಂತಹ ಬ್ಯಾಟರಿಗಳನ್ನು ಮಾರುಕಟ್ಟೆಗೆ ತಂದಿತು. ಇದರ ಮೂಲ ಸಂಶೋಧನೆ ಮಾಡಿದ ಗುಡ್‌ಎನಫ್, ವಿಟಿಂಗ್‌ಹ್ಯಾಮ್ ಮತ್ತು ಯೋಶಿನೊ ಎಂಬ ಮೂವರಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಡ್ರೋನಿನಲ್ಲಿ ಸಾಮಾನ್ಯವಾಗಿ ಬಳಸುವ ಲಿಥಿಯಂ ಪಾಲಿಮರ್ ಕೋಶಕ್ಕೆ ಗಟ್ಟಿಯಾದ ಲೋಹದ ಡಬ್ಬಿಯಿಲ್ಲ, ತೆಳುವಾದ ಚೀಲವಷ್ಟೇ. ಭಾರ ಕಡಿಮೆಯಾಗಲೆಂದು ಈ ಏರ್ಪಾಡು. ಬ್ಯಾಟರಿ ಕೆಟ್ಟಾಗ ಉಬ್ಬುವುದು ಕಣ್ಣಿಗೆ ಕಾಣುವುದೂ ಈ ಕಾರಣದಿಂದಲೇ.

ಇಂತಹ ಒಂದು ಕೋಶದ ಸಾಧಾರಣ ಒತ್ತಡ 3.7 ವೋಲ್ಟ್. ಪೂರ್ತಿ ತುಂಬಿದಾಗ 4.2 ವೋಲ್ಟ್ ಇರುತ್ತದೆ. ಈಚಿನ ಕೆಲವು ಮಾದರಿಗಳಲ್ಲಿ 4.35 ಅಥವಾ ಅದಕ್ಕೂ ತುಸು ಹೆಚ್ಚು. 3 ವೋಲ್ಟಿಗಿಂತ ಕೆಳಗೆ ಇಳಿಯಬಾರದು. ಪೂರ್ತಿ ತುಂಬಿದ ಸ್ಥಿತಿಯಲ್ಲಿ ಒಳಗಿನ ದ್ರಾವಣ ಧ್ರುವದೊಡನೆ ನಿಧಾನವಾಗಿ ವರ್ತಿಸುತ್ತಾ ಒಡೆಯುತ್ತದೆ, ಅನಿಲ ಹುಟ್ಟುತ್ತದೆ, ಚೀಲ ಉಬ್ಬುತ್ತದೆ. ತೀರಾ ಖಾಲಿಯಾಗಿ ತಿಂಗಳುಗಟ್ಟಲೆ ಬಿದ್ದಿದ್ದರೆ ಬೇರೆ ಅಪಾಯ. ಒಳಗಿನ ತಾಮ್ರದ ಹಾಳೆ ಕರಗತೊಡಗುತ್ತದೆ. ಮತ್ತೆ ಚಾರ್ಜಿಗೆ ಹಾಕಿದಾಗ ಆ ತಾಮ್ರ ಬೇಡದ ಜಾಗದಲ್ಲಿ ಗಡ್ಡೆಗಟ್ಟಿ ಕೋಶದೊಳಗೇ ಶಾರ್ಟ್ ಆಗಲು ದಾರಿಯಾಗುತ್ತದೆ. ಸತ್ತ ಬ್ಯಾಟರಿಯನ್ನು ಹೇಗಾದರೂ ಎಬ್ಬಿಸುತ್ತೇನೆಂದು ಸಿಕ್ಕ ಚಾರ್ಜರಿಗೆ ತಂತಿ ಕಟ್ಟುವ ಸಾಹಸವನ್ನು ಯಾರೂ ಮಾಡಬಾರದು.

ಹಾಗಾದರೆ ಎಷ್ಟಿರಬೇಕು? ಕೋಶವೊಂದಕ್ಕೆ 3.8ರಿಂದ 3.85 ವೋಲ್ಟ್, ಅಂದರೆ ಸುಮಾರಾಗಿ ಶೇಕಡಾ 40ರಿಂದ 60. ನಾಲ್ಕು ದೀಪಗಳಿರುವ ಬ್ಯಾಟರಿಯಾದರೆ ಎರಡು, ಹೆಚ್ಚೆಂದರೆ ಮೂರು ದೀಪ ಉರಿಯುವಷ್ಟು. ಹತ್ತು ದಿನಕ್ಕಿಂತ ಹೆಚ್ಚು ಕಾಲ ಹಾರಿಸುವುದಿಲ್ಲವೆಂದು ತಿಳಿದಾಗ ಈ ಮಟ್ಟಕ್ಕೆ ತಂದಿಡುವುದು ಲೇಸು. ಭಾನುವಾರ ಹಾರಿಸೋಣವೆಂದು ಶನಿವಾರ ರಾತ್ರಿ ತುಂಬಿಸಿ, ಅಷ್ಟರಲ್ಲಿ ಮಳೆ ಹಿಡಿದುಕೊಂಡು ಪೆಟ್ಟಿಗೆ ಮುಚ್ಚಿಟ್ಟು ಮರೆಯುವುದೇ ನಮ್ಮಲ್ಲಿ ಹೆಚ್ಚಾಗಿ ನಡೆಯುವುದು. ಮಳೆ ನಿಂತ ಕೂಡಲೇ ಮನೆಯ ಅಂಗಳದಲ್ಲಿ ಆಳೆತ್ತರಕ್ಕೆ ಏರಿಸಿ ಹತ್ತು ನಿಮಿಷ ನಿಲ್ಲಿಸಿದರೆ ಸಾಕು, ಮಟ್ಟ ತಾನಾಗಿ ಇಳಿಯುತ್ತದೆ. ಕೆಲವು ಕಂಪನಿಗಳ ಬ್ಯಾಟರಿಗಳು ಕೆಲವು ದಿನ ಸುಮ್ಮನಿದ್ದರೆ ತಾವಾಗಿಯೇ ಶೇಕಡಾ 60ರ ಸುತ್ತಮುತ್ತ ಇಳಿದುಕೊಳ್ಳುವಂತೆ ತಯಾರಾಗಿವೆ. ಆಗ ಮುಟ್ಟಿದರೆ ತುಸು ಬೆಚ್ಚಗಿರುವುದು ಸಹಜ, ಹೆದರಬೇಕಾದ್ದಿಲ್ಲ. ಎಲ್ಲ ಬ್ಯಾಟರಿಗಳಿಗೂ ಈ ಸೌಕರ್ಯವಿಲ್ಲ. ತಮ್ಮದಕ್ಕೆ ಇದೆಯೇ ಎಂಬುದನ್ನು ಜೊತೆಯಲ್ಲಿ ಬಂದ ಪುಸ್ತಿಕೆಯಲ್ಲಿ ನೋಡಿಕೊಳ್ಳಬೇಕು.

ಚಾರ್ಜಿನ ಮಟ್ಟದಷ್ಟೇ ಮುಖ್ಯವಾದದ್ದು ಉಷ್ಣತೆ. ಈ ಬಗೆಗೆ ಬಹುಕಾಲದಿಂದ ಪ್ರಚಾರದಲ್ಲಿರುವ ಅಂಕಿಗಳು ಹೀಗಿವೆ: 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಶೇಕಡಾ 40ರಷ್ಟು ತುಂಬಿಸಿ ಒಂದು ವರ್ಷ ಇಟ್ಟ ಲಿಥಿಯಂ ಬ್ಯಾಟರಿಯಲ್ಲಿ ಶೇಕಡಾ 96ರಷ್ಟು ಸಾಮರ್ಥ್ಯ ಉಳಿಯುತ್ತದೆ. ಅದೇ ಉಷ್ಣತೆಯಲ್ಲಿ ಪೂರ್ತಿ ತುಂಬಿಸಿಟ್ಟರೆ ಉಳಿಯುವುದು 80. ಉಷ್ಣತೆ 40 ಡಿಗ್ರಿಯಾದರೆ ಅರೆ ತುಂಬಿದ್ದಕ್ಕೆ 85, ಪೂರ್ತಿ ತುಂಬಿದ್ದಕ್ಕೆ 65. ಅಂದರೆ ಒಮ್ಮೆಯೂ ಹಾರಿಸದೆ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಶಕ್ತಿ ನಷ್ಟ. ಇವು ಸುಮಾರು ಲೆಕ್ಕಗಳು. ಬ್ಯಾಟರಿಯಿಂದ ಬ್ಯಾಟರಿಗೆ ವ್ಯತ್ಯಾಸವಿರುತ್ತದೆ. ಆದರೂ ಯಾವ ದಿಕ್ಕಿನಲ್ಲಿ ಯೋಚಿಸಬೇಕೆಂಬುದು ಇಷ್ಟರಿಂದ ಸ್ಪಷ್ಟ.

ಇಲ್ಲಿ ಅಟ್ಟದ ವಿಚಾರವನ್ನು ಒತ್ತಿ ಹೇಳಬೇಕಾಗಿದೆ. ಗೂಳೂರು, ಗುಬ್ಬಿ, ಕುಣಿಗಲ್ ಸೀಮೆಯ ಮನೆಗಳಲ್ಲಿ ಬೆಲೆಬಾಳುವ ವಸ್ತುವನ್ನು ಮಕ್ಕಳ ಕೈಗೆ ಸಿಗದಂತೆ ಇಡುವ ಜಾಗ ಅಟ್ಟ. ಅದೇ ಅಟ್ಟದ ಮೇಲೆ ತೆಂಗಿನಕಾಯಿ ಹರಡಿ, ತಿಂಗಳುಗಟ್ಟಲೆ ಒಣಗಿಸಿ ಉಂಡೆ ಕೊಬ್ಬರಿ ಮಾಡುವುದು ನಮ್ಮ ಜಿಲ್ಲೆಯ ಪದ್ಧತಿ. ಕೊಬ್ಬರಿಗೆ ಬೇಕಾದ ಒಣ ಶಾಖ ಬ್ಯಾಟರಿಗೆ ವಿಷ. ಏಪ್ರಿಲ್ ತಿಂಗಳ ಮಧ್ಯಾಹ್ನ ಹೊರಗೆ 35 ಡಿಗ್ರಿ ದಾಟಿರುವಾಗ ಹೆಂಚಿನ ಅಡಿಯ ಅಟ್ಟದಲ್ಲಿ, ತಗಡಿನ ಷೆಡ್ಡಿನಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚಿರುತ್ತದೆ. ಶಾಖದಿಂದ ಸಾಮರ್ಥ್ಯ ಹೋಗುವುದು ಒಂದು ನಷ್ಟ. ಹಾಗೆ ಕೆಟ್ಟ ಬ್ಯಾಟರಿಗೆ ಬೆಂಕಿ ತಗುಲಿದರೆ ಸುತ್ತ ಇರುವುದೇನು? ತೆಂಗಿನ ಮಟ್ಟೆ, ಎಣ್ಣೆ ತುಂಬಿದ ಕೊಬ್ಬರಿ, ಅಡಿಕೆ ಮೂಟೆ, ಗೋಣಿಚೀಲ, ಹಾಳೆ. ಒಂದು ವರ್ಷದ ಬದುಕು ಒಂದು ಗಂಟೆಯಲ್ಲಿ ಬೂದಿಯಾಗಬಹುದು. ಆದ್ದರಿಂದ ಬ್ಯಾಟರಿ ಅಟ್ಟಕ್ಕೆ ಹೋಗಬಾರದು, ಅಡಿಕೆ ದಾಸ್ತಾನಿನ ಕೋಣೆಗೂ ಹೋಗಬಾರದು. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಡುವುದೂ ಅಷ್ಟೇ ತಪ್ಪು. ಮೈಲುತುತ್ತ, ಗೊಬ್ಬರಗಳ ಪಕ್ಕದಲ್ಲಿಡಬಾರದು. ಅವುಗಳ ಪುಡಿ ತೇವದೊಡನೆ ಸೇರಿ ತಾಮ್ರ, ಹಿತ್ತಾಳೆಯ ಸಂಪರ್ಕಗಳನ್ನು ತಿಂದುಬಿಡುತ್ತದೆ.

ಮನೆಯೊಳಗೆ ತಂಪಾದ, ಬಿಸಿಲು ಬೀಳದ, ಸುಣ್ಣ ಬಳಿದ ಗೋಡೆಯ ಗೂಡು ಇದಕ್ಕೆ ತಕ್ಕ ಸ್ಥಳ. 22ರಿಂದ 28 ಡಿಗ್ರಿ ಇದ್ದರೆ ಉತ್ತಮ. ತಂಪು ಒಳ್ಳೆಯದೆಂದು ಫ್ರಿಜ್ಜಿನಲ್ಲಿ ಇಡುವವರನ್ನೂ ಕಂಡಿದ್ದೇನೆ. ಹೊರಗೆ ತೆಗೆದಾಗ ಅದರ ಮೇಲೆ ನೀರು ಬೆವರುವುದರಿಂದ ಮನೆಬಳಕೆಗೆ ಈ ಉಪಾಯ ಬೇಡ. ದಪ್ಪ ಮಣ್ಣಿನ ಮಡಕೆಯ ತಳದಲ್ಲಿ ಒಣ ಮರಳು ಹಾಕಿ, ಬ್ಯಾಟರಿಗಳನ್ನು ಒಂದಕ್ಕೊಂದು ತಾಗದಂತೆ ಬಟ್ಟೆಯಲ್ಲಿ ಸುತ್ತಿಟ್ಟು, ಮೇಲೊಂದು ಮುಚ್ಚಳವನ್ನು ಸಡಿಲವಾಗಿ ಇಟ್ಟರೆ ಸಾಕು. ಹೊರದೇಶಗಳಲ್ಲಿ ಪುಟ್ಟ ವಿಮಾನ ಹಾರಿಸುವ ಹವ್ಯಾಸಿಗಳೂ ಹೂಕುಂಡಗಳನ್ನು ಇದಕ್ಕೆ ಬಳಸುತ್ತಾರೆ. ಕಬ್ಬಿಣದ ಟ್ರಂಕಿನಲ್ಲಿ ಇಟ್ಟು ಬೀಗ ಹಾಕುವುದು ಸರಿಯಲ್ಲ. ಗಾಳಿಯಾಡದ ಪೆಟ್ಟಿಗೆಯಲ್ಲಿ ಅನಿಲ ತುಂಬಿಕೊಂಡರೆ ಅದು ಸಿಡಿಯುವ ಸಂಭವವಿರುತ್ತದೆ. ಮೇಲಾಗಿ ಬ್ಯಾಟರಿಯ ಎರಡು ತುದಿಗಳೂ ಲೋಹಕ್ಕೆ ತಾಗುವ ಭಯವಿದೆ. ಕೀಲಿಕೈ, ಚಿಲ್ಲರೆ ನಾಣ್ಯಗಳ ಜೊತೆಯಲ್ಲಿ ಚೀಲಕ್ಕೆ ಹಾಕುವವರೂ ಇದನ್ನು ಗಮನಿಸಬೇಕು.

ಇಟ್ಟ ಬ್ಯಾಟರಿಯನ್ನು ಮೂರು ತಿಂಗಳಿಗೊಮ್ಮೆಯಾದರೂ ನೋಡತಕ್ಕದ್ದು. ನೆನಪಿಗೆ ಅನುಕೂಲವಾಗಲೆಂದು ಪಂಚಾಂಗದ ಲೆಕ್ಕವನ್ನೇ ಹೇಳಬಹುದು: ಸಂಕ್ರಾಂತಿ, ಯುಗಾದಿ, ಆಷಾಢದ ಪಾಡ್ಯ, ಆಯುಧಪೂಜೆ. ಈ ನಾಲ್ಕು ದಿನಗಳ ನಡುವೆ ಸುಮಾರು ಮೂರು ಮೂರು ತಿಂಗಳ ಅಂತರವಿದೆ. ಆ ದಿನ ಹೊರಗೆ ತೆಗೆದು, ಮಟ್ಟ ಇಳಿದಿದ್ದರೆ ಮತ್ತೆ ಶೇಕಡಾ 60ಕ್ಕೆ ತಂದು, ಚೀಲ ಉಬ್ಬಿದೆಯೇ ಎಂದು ಸಮತಟ್ಟಾದ ಮೇಜಿನ ಮೇಲಿಟ್ಟು ನೋಡಬೇಕು. ಉಬ್ಬಿದ್ದರೆ ಮೇಜಿನ ಮೇಲೆ ತೂಗಾಡುತ್ತದೆ. ಆಯುಧಪೂಜೆಯ ದಿನ ಡ್ರೋನಿಗೂ ಪೂಜೆ ಸಲ್ಲಲಿ, ತಕರಾರಿಲ್ಲ. ನೀರು, ಅರಿಸಿನ ಕುಂಕುಮ ಬ್ಯಾಟರಿಯ ಸಂಪರ್ಕಗಳ ಮೇಲೆ ಮಾತ್ರ ಬೀಳದಿರಲಿ. ರಿಮೋಟಿನ ಒಳಗೂ ಒಂದು ಲಿಥಿಯಂ ಬ್ಯಾಟರಿ ಇದೆ. ಅದನ್ನು ಬಹುಮಂದಿ ಮರೆಯುತ್ತಾರೆ.

ಚಾರ್ಜು ಮಾಡುವ ಕ್ರಮದಲ್ಲೂ ನಮ್ಮ ರೂಢಿಯನ್ನು ತಿದ್ದಿಕೊಳ್ಳಬೇಕಾಗಿದೆ. ರಾತ್ರಿ ಕರೆಂಟು ಬಂದಾಗ ಮೋಟಾರು ಹಾಕಿ ಮಲಗುವ ನಮಗೆ, ಬ್ಯಾಟರಿಯನ್ನೂ ಸಿಕ್ಕಿಸಿ ಮಲಗುವುದು ಸಹಜವೆನಿಸುತ್ತದೆ. ಲಿಥಿಯಂ ಬ್ಯಾಟರಿಯನ್ನು ಮನುಷ್ಯರು ಎಚ್ಚರವಾಗಿರುವಾಗ, ಕಣ್ಣಳತೆಯಲ್ಲಿ, ಸಿಮೆಂಟು ಅಥವಾ ಕಲ್ಲಿನ ನೆಲದ ಮೇಲೆ ಮಾತ್ರ ಚಾರ್ಜು ಮಾಡಬೇಕು. ಹಾಸಿಗೆ, ಮರದ ಮಂಚ, ಗೋಣಿಯ ಮೇಲೆ ಕೂಡದು. ಹಾರಿಸಿ ಇಳಿಸಿದ ಬ್ಯಾಟರಿ ಬಿಸಿಯಾಗಿರುತ್ತದೆ. ಅರ್ಧ ಗಂಟೆಯಾದರೂ ಆರಲು ಬಿಟ್ಟು ಆಮೇಲೆ ಚಾರ್ಜಿಗೆ ಹಾಕಬೇಕು. 5 ಡಿಗ್ರಿಗಿಂತ ಕೆಳಗೆ, 40 ಡಿಗ್ರಿಗಿಂತ ಮೇಲೆ ಚಾರ್ಜು ಮಾಡಲಾಗದು. ಮೊದಲನೆಯದು ನಮ್ಮ ಸೀಮೆಗೆ ಬರುವ ಕಷ್ಟವಲ್ಲ, ಎರಡನೆಯದು ಬೇಸಿಗೆಯಲ್ಲಿ ದಿನನಿತ್ಯದ ಮಾತು. ಬೆಳಗಿನ ಹೊತ್ತು ಲೇಸು. ಮುಂಗಾರು ಪೂರ್ವದ ಗುಡುಗು ಸಿಡಿಲಿನ ಸಂಜೆಗಳಲ್ಲಿ ಚಾರ್ಜರನ್ನು ಪ್ಲಗ್ಗಿನಿಂದ ಕಿತ್ತಿಡಬೇಕು. ಮೂಲ ಕಂಪನಿಯ ಚಾರ್ಜರನ್ನೇ ಬಳಸಬೇಕು. ಸಿದ್ಧ ಡ್ರೋನ್‌ಗಳ ಆಮದನ್ನು ಕೇಂದ್ರ ಸರ್ಕಾರ 2022ರ ಫೆಬ್ರವರಿ 9ರಂದು ಕೆಲವು ವಿನಾಯಿತಿಗಳೊಡನೆ ನಿಷೇಧಿಸಿತು. ಅದಕ್ಕೂ ಮೊದಲು ಕೊಂಡ ವಿದೇಶೀ ಡ್ರೋನ್ ಉಳ್ಳವರು ಇರುವ ಬ್ಯಾಟರಿಯನ್ನೇ ಜೋಪಾನ ಮಾಡಿಕೊಳ್ಳುವುದು ಜಾಣತನ. ಅಗ್ಗಕ್ಕೆ ಸಿಗುವ ಹೆಸರಿಲ್ಲದ ಬ್ಯಾಟರಿಗಳನ್ನು ನಾನಂತೂ ಶಿಫಾರಸು ಮಾಡಲಾರೆ.

ಯಂತ್ರದ ವಿಚಾರ ಹೆಚ್ಚಿಲ್ಲ. ಬ್ಯಾಟರಿಯನ್ನು ಅದರಿಂದ ಬೇರ್ಪಡಿಸಿಡಬೇಕು. ಕ್ಯಾಮೆರಾ ತೂಗುವ ಭಾಗಕ್ಕೆ ಅದರದೇ ಮುಚ್ಚಳ ಹಾಕಬೇಕು. ನಮ್ಮ ಕೆಂಪು ಮಣ್ಣಿನಲ್ಲಿ ಕಬ್ಬಿಣದ ಕಣಗಳಿರುವುದರಿಂದ ಮೋಟಾರಿನ ಅಯಸ್ಕಾಂತ ಅವನ್ನು ಎಳೆದುಕೊಳ್ಳುತ್ತದೆ; ಮೃದುವಾದ ಬ್ರಷ್ಷಿನಿಂದ ತೆಗೆದೇ ಒಳಗಿಡಬೇಕು. ರೆಕ್ಕೆಗಳ ಮೇಲೆ ಭಾರ ಬೀಳದಿರಲಿ. ದಿಕ್ಸೂಚಿ ಕೆಡದಂತೆ ಧ್ವನಿವರ್ಧಕದ ಪೆಟ್ಟಿಗೆಯಿಂದ ದೂರವಿಡಿ. ಇಲಿಗಳಿಗೆ ತಂತಿಯೆಂದರೆ ಏನೋ ಪ್ರೀತಿ, ಮುಚ್ಚಳವಿರುವ ಪೆಟ್ಟಿಗೆಯೇ ಆಗಬೇಕು.

ಕಾಫಿ ಸೀಮೆಯ ಓದುಗರಿಗೆ ಒಂದು ಮಾತು. ನಮಗೆ ಬೇಸಿಗೆ ಶತ್ರುವಾದರೆ ಚಿಕ್ಕಮಗಳೂರು, ಕೊಡಗಿನವರಿಗೆ ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಡ್ರೋನ್ ಮುಚ್ಚಿಯೇ ಇರುವುದರಿಂದ ಮಸೂರದ ಮೇಲೆ ಬೂಷ್ಟು, ಸಂಪರ್ಕಗಳ ಮೇಲೆ ಹಸಿರು ಕಿಲುಬು ಹಿಡಿಯುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಹರಳಿನ ಪೊಟ್ಟಣಗಳೊಡನೆ ಯಂತ್ರವನ್ನು ಇಡಿ. ಬ್ಯಾಟರಿ ಮಾತ್ರ ಬೇರೆ, ಗಾಳಿಯಾಡುವ ಜಾಗದಲ್ಲಿ. ಒಲೆಯ ಮೇಲಿನ ಅಟ್ಟಣಿಗೆ ಬೆಚ್ಚಗಿರುತ್ತದೆಂದು ಅಲ್ಲಿಗೆ ಏರಿಸಬೇಡಿ.

ಔಷಧಿ ಸಿಂಪಡಿಸುವ ದೊಡ್ಡ ಡ್ರೋನ್‌ಗಳಿಗೂ ಇದೇ ನಿಯಮ, ಆದರೆ ಪ್ರಮಾಣ ಬೇರೆ. 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಒದಗಿಸುವ ಯೋಜನೆಗೆ 2023ರ ನವೆಂಬರಿನಲ್ಲಿ ಕೇಂದ್ರ ಸಂಪುಟದ ಒಪ್ಪಿಗೆ ದೊರೆತ ಮೇಲೆ ಇವು ಹಳ್ಳಿಗಳಲ್ಲೂ ಕಾಣತೊಡಗಿದವು. ಚಿತ್ರ ತೆಗೆಯುವ ಸಣ್ಣ ಡ್ರೋನಿನ ಬ್ಯಾಟರಿಯಲ್ಲಿ 17-18 ವ್ಯಾಟ್ ಗಂಟೆಯಷ್ಟು ಶಕ್ತಿಯಿದ್ದರೆ, 44.4 ವೋಲ್ಟಿನ 16 ಆಂಪಿಯರ್ ಗಂಟೆಯ ಸಿಂಪರಣಾ ಬ್ಯಾಟರಿಯಲ್ಲಿ 710 ವ್ಯಾಟ್ ಗಂಟೆ. ನಲವತ್ತು ಪಟ್ಟು! ವಿಮಾನ ಪ್ರಯಾಣಿಕರು 100 ವ್ಯಾಟ್ ಗಂಟೆ ಮೀರಿದ ಬ್ಯಾಟರಿಯನ್ನು ಕಂಪನಿಯ ಒಪ್ಪಿಗೆಯಿಲ್ಲದೆ ಒಯ್ಯಲಾಗದು, 160 ಮೀರಿದರೆ ಒಯ್ಯುವಂತೆಯೇ ಇಲ್ಲ. ಇಂತಹ ಬ್ಯಾಟರಿಗಳನ್ನು ವಾಸದ ಮನೆಯಲ್ಲಿ ಇಡುವುದು ತರವಲ್ಲ. ದಾಸ್ತಾನಿನಿಂದ ದೂರದಲ್ಲಿ, ಗಾಳಿ ಕಿಂಡಿಯುಳ್ಳ ಕಲ್ಲಿನ ಪುಟ್ಟ ಗೂಡನ್ನೇ ಕಟ್ಟಿಸುವುದು ಮೇಲು.

ಬ್ಯಾಟರಿ ಉಬ್ಬಿದ್ದರೆ, ಬಿದ್ದು ಜಜ್ಜಿಹೋಗಿದ್ದರೆ, ಸಿಹಿಯಾದ ದ್ರಾವಕದಂತಹ ವಾಸನೆ ಬರುತ್ತಿದ್ದರೆ ಮತ್ತೆ ಚಾರ್ಜು ಮಾಡಬೇಡಿ, ಹಾರಿಸಬೇಡಿ. ಮೊಳೆಯಿಂದ ಚುಚ್ಚಿ ಗಾಳಿ ತೆಗೆಯುವುದು ಅತ್ಯಂತ ಅಪಾಯಕರ. ಹೊಗೆ ಕಂಡರೆ ಮನೆಯವರೆಲ್ಲ ಮೊದಲು ಹೊರಗೆ ಬರಬೇಕು, ಆ ಹೊಗೆ ವಿಷಕಾರಿ. ಬ್ಯಾಟರಿ ಆಗಲೇ ಬಯಲಿನಲ್ಲಿದ್ದರೆ ದೂರದಿಂದ ಧಾರಾಳವಾಗಿ ನೀರು ಹೊಯ್ದು ತಣಿಸಬಹುದು. ಮರಳು ಬೆಂಕಿ ಹರಡುವುದನ್ನು ತಡೆಯುತ್ತದೆಯೇ ಹೊರತು ಒಳಗಿನ ಶಾಖವನ್ನು ಇಳಿಸುವುದಿಲ್ಲ. ಆರಿದಂತೆ ಕಂಡರೂ ಮತ್ತೆ ಹೊತ್ತಿಕೊಳ್ಳಬಹುದು, ಹಲವು ಗಂಟೆ ಕಾಯಬೇಕು. ಮನೆಯೊಳಗೆ ಹೊತ್ತಿಕೊಂಡರೆ ಸಾಹಸ ಬೇಡ, 112ಕ್ಕೆ ಕರೆ ಮಾಡಿ.

ಹಳೆಯ ಬ್ಯಾಟರಿಯನ್ನು ತಿಪ್ಪೆಗೆ ಎಸೆಯುವುದಾಗಲಿ, ಗುಜರಿಯವರಿಗೆ ಚೀಲದಲ್ಲಿ ಸೇರಿಸಿ ಕೊಡುವುದಾಗಲಿ ಕೂಡದು. 2022ರ ಆಗಸ್ಟಿನಲ್ಲಿ ಜಾರಿಗೆ ಬಂದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಬಳಸಿದ ಬ್ಯಾಟರಿಯನ್ನು ಹಿಂದಕ್ಕೆ ಪಡೆದು ಸಂಸ್ಕರಿಸುವ ಹೊಣೆ ಉತ್ಪಾದಕರ ಮೇಲಿದೆ. ಎರಡು ತುದಿಗಳಿಗೂ ಇನ್ಸುಲೇಷನ್ ಟೇಪು ಸುತ್ತಿ, ಒಣ ಮರಳಿನ ಮಡಕೆಯಲ್ಲಿ ಮನೆಯಿಂದ ದೂರವಿಟ್ಟು, ಕೊಂಡ ಅಂಗಡಿಯವರಿಗೋ ವಿದ್ಯುನ್ಮಾನ ತ್ಯಾಜ್ಯ ಸಂಗ್ರಹಿಸುವವರಿಗೋ ಒಪ್ಪಿಸಬೇಕು. ಸದಸ್ಯರು ಉಬ್ಬಿದ ಬ್ಯಾಟರಿಯನ್ನು ಬಸ್ಸಿನಲ್ಲಿಟ್ಟುಕೊಂಡು ಸಂಘದ ಕಛೇರಿಗೆ ತರುವ ಅಗತ್ಯವಿಲ್ಲ. ಮೊದಲು ದೂರವಾಣಿಯಲ್ಲಿ ತಿಳಿಸಿದರೆ ಎಲ್ಲಿಗೆ, ಹೇಗೆ ಒಯ್ಯಬೇಕೆಂಬುದನ್ನು ಹೇಳಲಾಗುವುದು.