ಡೀಸೆಲ್ ಫಿಲ್ಟರ್ ತೊಳೆದು ಹಾಕಿದರೆ ನಡೆದೀತೆ?

"ನಿಂತಲ್ಲಿ ಚೆನ್ನಾಗಿಯೇ ಓಡ್ತಿದೆಯಲ್ಲ, ಫಿಲ್ಟರಿಗೇನಾಗಿದೆ?" ಟ್ರ್ಯಾಕ್ಟರ್ ಇಟ್ಟವರ ಬಾಯಲ್ಲಿ ಈ ಮಾತು ಸಾಮಾನ್ಯ. ನಿಂತ ಇಂಜಿನ್ನಿಗೆ ಬೇಕಾಗುವ ಡೀಸೆಲ್ ತೀರಾ ಕಡಿಮೆ; ಅರ್ಧ ಕಟ್ಟಿಕೊಂಡ ಫಿಲ್ಟರೂ ಅಷ್ಟನ್ನು ಬಿಟ್ಟುಕೊಡುತ್ತದೆ. ಬಣ್ಣ ಬಯಲಾಗುವುದು ರೋಟವೇಟರ್ ಮಣ್ಣಿಗಿಳಿದಾಗ, ಇಲ್ಲವೇ ಕಬ್ಬಿನ ಟ್ರೇಲರ್ ಏರು ಹತ್ತುವಾಗ. ರೇಸ್ ಕೊಟ್ಟರೂ ಎಳೆಯುವುದಿಲ್ಲ, ತಡವರಿಸುತ್ತದೆ, ಕೆಲವೊಮ್ಮೆ ನಿಂತೇ ಹೋಗುತ್ತದೆ.

ಎಳೆತ ಕಡಿಮೆಯಾಗಿ ಜೊತೆಗೆ ದಟ್ಟ ಕಪ್ಪು ಹೊಗೆಯೂ ಬಂದರೆ ಡೀಸೆಲ್ ಫಿಲ್ಟರನ್ನೇ ದೂರುವವರಿದ್ದಾರೆ. ಮೊದಲು ಬಿಚ್ಚಿ ನೋಡಬೇಕಾದದ್ದು ಏರ್ ಫಿಲ್ಟರ್. ಗಾಳಿ ಸಾಲದೆ ಡೀಸೆಲ್ ಹೆಚ್ಚಾದಾಗ ಕಪ್ಪು ಹೊಗೆ ಬರುತ್ತದೆ. ಕಟ್ಟಿಕೊಂಡ ಡೀಸೆಲ್ ಫಿಲ್ಟರ್ ಮಾಡುವುದು ಇದರ ತದ್ವಿರುದ್ಧ.

ಎಲ್ಲಕ್ಕಿಂತ ದುಬಾರಿ ನಂಬಿಕೆ ಎಂದರೆ ಫಿಲ್ಟರನ್ನು ಡೀಸೆಲ್‌ನಲ್ಲಿ ಅದ್ದಿ, ಕಂಪ್ರೆಸರ್ ಗಾಳಿ ಹೊಡೆದು ಮತ್ತೆ ಹಾಕಬಹುದು ಎನ್ನುವುದು. ಜಾಲರಿಯನ್ನೂ ತಳದ ಬಟ್ಟಲನ್ನೂ ತೊಳೆಯಬಹುದು, ತೊಳೆಯಲೂಬೇಕು. ಕಾಗದದ ಎಲಿಮೆಂಟ್ ಆ ಜಾತಿಯದಲ್ಲ. ಅದು ತಡೆಯುವ ಕಣಗಳು ಕೆಲವೇ ಮೈಕ್ರಾನ್ ಗಾತ್ರದವು. ಗಾಳಿಯ ಹೊಡೆತಕ್ಕೆ ಕಾಗದ ಎಲ್ಲಿ ಸೀಳಿದೆ ಎಂಬುದು ಕಣ್ಣಿಗೆ ಕಾಣುವುದಿಲ್ಲ. ಆ ಸೀಳಿನಿಂದ ನುಸುಳಿದ ದೂಳು ಪಂಪನ್ನೂ ನಾಝಲ್‌ಗಳನ್ನೂ ಒಳಗೊಳಗೇ ತೇಯುತ್ತದೆ. ಉಳಿಸಿದ್ದು ನೂರರ ಲೆಕ್ಕ, ಕಳೆದುಕೊಳ್ಳುವುದು ಸಾವಿರಗಳ ಲೆಕ್ಕ. ಹಾಗೆಂದು ಎಲಿಮೆಂಟ್ ಕಪ್ಪಾದ ಕೂಡಲೇ ಎಸೆಯಬೇಕಾಗಿಲ್ಲ. ಡೀಸೆಲ್ಲೇ ಅದನ್ನು ಕಪ್ಪಾಗಿಸುತ್ತದೆ. ಬದಲಿಸುವ ಗಡುವು ಗಾಡಿಯ ಪುಸ್ತಕದಲ್ಲಿ ಗಂಟೆಗಳ ಲೆಕ್ಕದಲ್ಲಿದೆ. ದೂಳಿನ ಹೊಲದಲ್ಲಿ, ಕ್ಯಾನಿನ ಡೀಸೆಲ್ ಸುರಿದು ದುಡಿಸುವವರು ಅದಕ್ಕೂ ಮೊದಲೇ ಬದಲಿಸುವುದು ಕ್ಷೇಮ.

ಫಿಲ್ಟರಿನ ತಳದ ಬಟ್ಟಲಲ್ಲಿ ನೀರು ಸಿಕ್ಕರೆ ತಪ್ಪು ಯಾವಾಗಲೂ ಬಂಕಿನವರದೇ? ಅರ್ಧ ಖಾಲಿ ಟ್ಯಾಂಕಿನೊಳಗಿನ ತೇವದ ಗಾಳಿ ರಾತ್ರಿ ತಣ್ಣಗಾಗಿ ನೀರಾಗುತ್ತದೆ. ಸಂಜೆಯೇ ಟ್ಯಾಂಕ್ ತುಂಬಿಸಿಡುವುದು ಒಳ್ಳೆಯದು.

ಹೊಸ ಫಿಲ್ಟರಿಗೆ ಡೀಸೆಲ್ ತುಂಬಿಸಿಯೇ ಕೂರಿಸಬೇಕು, ಇಲ್ಲದಿದ್ದರೆ ಏರ್ ಹಿಡಿಯುತ್ತದೆ ಎನ್ನುವ ಮೆಕ್ಯಾನಿಕ್‌ಗಳೂ ಇದ್ದಾರೆ. ಏರ್ ಹಿಡಿಯುವುದೇನೋ ನಿಜ. ಆದರೆ ತಿರುಗಿಸಿ ಕೂರಿಸುವ ಫಿಲ್ಟರಿನಲ್ಲಿ ನಡುವಿನ ತೂತು ಸಾಮಾನ್ಯವಾಗಿ ಸೋಸಿದ ಡೀಸೆಲ್ ಹೊರಬರುವ ದಾರಿ. ಅಲ್ಲಿ ಸುರಿದ ಕ್ಯಾನಿನ ಡೀಸೆಲ್ ಸೋಸದೆಯೇ ಪಂಪ್ ಸೇರುತ್ತದೆ. ರಬ್ಬರ್ ರಿಂಗಿಗೆ ಡೀಸೆಲ್ ಸವರಿ, ಕೈಯಿಂದ ಬಿಗಿ ಮಾಡಿ, ಏರ್ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಲ್ಲುವವರೆಗೆ ಹ್ಯಾಂಡ್ ಪಂಪ್ ಒತ್ತಬೇಕು. ಹಳೆಯ ಇಂಜಿನ್‌ಗಳಲ್ಲಿ ನಾಝಲ್ ಪೈಪ್ ಸಡಿಲಿಸಿ ಏರ್ ತೆಗೆಯುವ ರೂಢಿಯಿದೆ; ಕಾಮನ್ ರೈಲ್ ಗಾಡಿಯಲ್ಲಿ ಆ ಸಾಹಸ ಬೇಡ. ಅಲ್ಲಿನ ಒತ್ತಡ 1000 ಬಾರ್ ದಾಟುತ್ತದೆ, ಚಿಮ್ಮುವ ಡೀಸೆಲ್ ಚರ್ಮ ತೂರಿ ಒಳಹೋಗುತ್ತದೆ.